ಹಿತ್ತಿಲಿಗೊಂದು ಈಜುಕೊಳ: ಟೈಲ್ಸ್ ಆಮೇಲೆ ನೋಡೋಣ, ಮೊದಲು ಪೈಪು

ಹಿತ್ತಿಲಲ್ಲಿ ಈಜುಕೊಳ ಮಾಡಿಸಬೇಕು ಅಂದವರು ಮೊದಲು ತೋರಿಸುವುದು ಮೊಬೈಲ್‌ನಲ್ಲಿರುವ ಫೋಟೊ. ನೀಲಿ ನೀರು, ಬಿಳಿ ಕುರ್ಚಿ, ಸಂಜೆ ದೀಪ. ಟೈಲ್ಸ್ ಯಾವ ಬಣ್ಣ ಅನ್ನುವುದು ಆಗಲೇ ತೀರ್ಮಾನವಾಗಿರುತ್ತದೆ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಕೇಳಿದರೆ, ‘ಅದೆಲ್ಲ ಪ್ಲಂಬರ್ ನೋಡ್ಕೋತಾರೆ’ ಅನ್ನುತ್ತಾರೆ. ಹೀಗೆ ಶುರುವಾಗಿ ಎರಡೇ ವರ್ಷಕ್ಕೆ ಪಾಚಿಗಟ್ಟಿದ, ಸೋರಿದ, ಕೊನೆಗೆ ಮಣ್ಣು ತುಂಬಿಸಿ ಮುಚ್ಚಿದ ಕೊಳಗಳನ್ನು ನೋಡಿದ್ದೇನೆ. ಅವುಗಳ ಟೈಲ್ಸ್ ಚೆನ್ನಾಗಿಯೇ ಇದ್ದವು. ಕೆಟ್ಟಿದ್ದು ಕಣ್ಣಿಗೆ ಕಾಣದ ಭಾಗ. ಅದಕ್ಕೇ ಇಲ್ಲಿ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಮೊದಲು ಕುರ್ಚಿ ಹಾಕಿ

ನಕ್ಷೆ ಬರೆಸುವ ಮೊದಲು ಹಿತ್ತಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರಿ. ಬೆಳಗ್ಗೆ 8ಕ್ಕೆ, ಮಧ್ಯಾಹ್ನ 2ಕ್ಕೆ, ಸಂಜೆ 6ಕ್ಕೆ. ಬಿಸಿಲು ಎಲ್ಲಿ ಬೀಳುತ್ತದೆ, ನೆರಳು ಎತ್ತ ಸರಿಯುತ್ತದೆ, ಪಕ್ಕದ ಮನೆ ಮಹಡಿಯಿಂದ ಏನೇನು ಕಾಣುತ್ತದೆ, ಎಲ್ಲ ಗೊತ್ತಾಗುತ್ತದೆ. ನೀರಿನೊಳಗೆ ನೀವು ಇರುವುದು ದಿನಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ದಡದಲ್ಲಿ ಕೂತು ಹರಟುವುದು, ಓದುವುದು, ಮಕ್ಕಳನ್ನು ಕಾಯುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಕೂರುವ ಜಾಗ ಮೊದಲು ಗೊತ್ತು ಮಾಡಿ, ಅದರ ಮುಂದೆ ಕೊಳ ಇಡಿ. ಕೊಳಕ್ಕೆ ದಿನಕ್ಕೆ 5–6 ಗಂಟೆ ಬಿಸಿಲು ಬೇಕು, ಇಲ್ಲದಿದ್ದರೆ ನೀರು ಕೊರೆಯುತ್ತದೆ. ನೆರಳು ಬೇಕಾಗಿರುವುದು ಕುರ್ಚಿಗಳಿಗೆ.

ಸುಣ್ಣದ ಪುಡಿಯಲ್ಲಿ ಕೊಳದ ಅಳತೆಯನ್ನು ನೆಲದ ಮೇಲೆ ಗೆರೆ ಎಳೆದು ಒಂದು ವಾರ ಬಿಡಿ. ಅದರ ಸುತ್ತ ಓಡಾಡಿ. ಅಡುಗೆಮನೆ ಕಿಟಕಿಯಿಂದಲೋ ಹಾಲ್‌ನಿಂದಲೋ ಪೂರ್ತಿ ಕೊಳ ಕಾಣುತ್ತದಾ ನೋಡಿ. ಕಾಣದಿದ್ದರೆ ಜಾಗ ಬದಲಾಯಿಸಿ. ಓಡಾಡಲು ಸುತ್ತ 4 ಅಡಿಯಾದರೂ ಇರಲಿ, ಕೂರುವ ಬದಿಗೆ 8ರಿಂದ 10 ಅಡಿ. ಎಷ್ಟೋ ಮನೆಗಳಲ್ಲಿ ಎರಡೇ ಅಡಿ ಬಿಟ್ಟಿರುತ್ತಾರೆ. ಕುರ್ಚಿ ಹಾಕಿದ ಮೇಲೆ ಗೋಡೆಗೆ ಒರಗಿಕೊಂಡು ನಡೆಯಬೇಕಾಗುತ್ತದೆ.

ಒಂದು ಕೋಲಿಗೆ ರಿಬ್ಬನ್ ಕಟ್ಟಿ ಅಲ್ಲೇ ನೆಟ್ಟುಬಿಡಿ. ಗಾಳಿ ಹೆಚ್ಚಾಗಿ ಯಾವ ಕಡೆಯಿಂದ ಯಾವ ಕಡೆಗೆ ಬೀಸುತ್ತದೆ ಎಂದು ಬರೆದಿಟ್ಟುಕೊಳ್ಳಿ. ಇದು ಮುಂದೆ ತುಂಬ ಬೇಕಾಗುತ್ತದೆ.

2. ಆಕಾರ, ಆಳ

ನೇರ ಆಯತವೇ ಸಾಕು. ಗೋಡಂಬಿ ಆಕಾರ, ಮೂತ್ರಪಿಂಡದ ಆಕಾರ ನಕ್ಷೆಯಲ್ಲಿ ಚೆಂದ. ಆದರೆ ಈಜಲು ಉದ್ದ ಸಿಗುವುದಿಲ್ಲ, ಟೈಲ್ಸ್ ಕತ್ತರಿಸಿ ಕತ್ತರಿಸಿ ಹಾಳು, ಮೇಲೆ ಹೊದಿಸುವ ಕವರ್ ಕೂಡ ಸರಿಯಾಗಿ ಕೂರುವುದಿಲ್ಲ. ಆಳ 3.5 ಅಡಿಯಿಂದ 4.5 ಅಡಿ ಇದ್ದರೆ ಮನೆಮಂದಿಗೆಲ್ಲ ಆಗುತ್ತದೆ. ಮನೆಯ ಕೊಳಕ್ಕೆ ಮೇಲಿನಿಂದ ಡೈವ್ ಹೊಡೆಯಬಾರದು. ಅದಕ್ಕೆ ಬೇಕಾದ ಆಳವೇ ಬೇರೆ, ಈ ಆಳ ನಂಬಿ ಕುತ್ತಿಗೆ ಮುರಿದುಕೊಳ್ಳುವುದು ಬೇಡ.

ಮೆಟ್ಟಿಲುಗಳನ್ನು ಕಡಿದಾಗಿ ಕಟ್ಟಿಸಬೇಡಿ. ಎತ್ತರ 10 ಇಂಚು ಮೀರಬಾರದು, ಕಾಲಿಡುವ ಅಗಲ 12 ಇಂಚಾದರೂ ಇರಬೇಕು. ಜಾಗವಿದ್ದರೆ ಒಂದು ತುದಿಯಲ್ಲಿ 8–10 ಇಂಚು ನೀರು ನಿಲ್ಲುವ ಅಗಲವಾದ ಕಟ್ಟೆ ಮಾಡಿಸಿ. ಪುಟ್ಟ ಮಕ್ಕಳು ಅಲ್ಲೇ ಆಡುತ್ತಾರೆ, ದೊಡ್ಡವರು ಅಲ್ಲೇ ಕಾಲು ಚಾಚಿ ಕೂರುತ್ತಾರೆ.

3. ಮಣ್ಣು

ಸ್ಥಳೀಯ ಆಡಳಿತದ ಅನುಮತಿ ಮೊದಲೇ ತೆಗೆದುಕೊಳ್ಳಿ. ಮಣ್ಣನ್ನು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಹಿಗ್ಗಿ ಕುಗ್ಗುವ ಎರೆಮಣ್ಣಾದರೆ ಕಂಬಿಯ ಲೆಕ್ಕವೇ ಬದಲಾಗುತ್ತದೆ. ಗುಂಡಿ ತೋಡಿದಾಗ ಕೆಳಗಿನಿಂದ ನೀರು ಜಿನುಗಿದರೆ ತಳದಲ್ಲಿ ಜಲ್ಲಿ ಹಾಸಿ, ಒತ್ತಡ ಬಿಡುಗಡೆ ಮಾಡುವ ಹೈಡ್ರೋಸ್ಟಾಟಿಕ್ ವಾಲ್ವ್ ಕೂರಿಸಬೇಕು. ಅಂಥ ಜಾಗದಲ್ಲಿ ಮಳೆಗಾಲದಲ್ಲಿ ಕೊಳ ಖಾಲಿ ಮಾಡಲೇಬೇಡಿ. ಸುತ್ತಲಿನ ಅಂತರ್ಜಲ ಖಾಲಿ ತೊಟ್ಟಿಯನ್ನು ದೋಣಿಯಂತೆ ಮೇಲಕ್ಕೆತ್ತುತ್ತದೆ.

ಇನ್ನು, ಇಟ್ಟಿಗೆ ಗೋಡೆ ಕಟ್ಟಿ ಒಳಗೆ ಗಾರೆ ಮಾಡಿ ವಾಟರ್‌ಪ್ರೂಫ್ ಬಳಿದರೆ ಆಯಿತು ಅನ್ನುವವರ ಮಾತು ಕೇಳಬೇಡಿ. ತಳ, ಗೋಡೆ ಎರಡೂ ಕಂಬಿ ಕಾಂಕ್ರೀಟ್ ಆಗಿರಲಿ.

4. ನೀರಿನ ದಾರಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ನಿಂತ ನೀರಿನಲ್ಲಿ ಎಷ್ಟು ಕ್ಲೋರಿನ್ ಸುರಿದರೂ ಮೂಲೆಯಲ್ಲಿ ಪಾಚಿ ಕಟ್ಟುತ್ತದೆ. ಕೊಳದ ಪ್ರತಿ ಮೂಲೆಯ ನೀರೂ ತಿರುಗಿ ಫಿಲ್ಟರ್‌ಗೆ ಬರಬೇಕು. ಮೇಲಿನ ಕಸ ಎಳೆದುಕೊಳ್ಳುವುದು ಸ್ಕಿಮ್ಮರ್. ಈಗ ನಿಮ್ಮ ರಿಬ್ಬನ್ ನೆನಪು ಮಾಡಿಕೊಳ್ಳಿ. ಗಾಳಿ ಯಾವ ಕಡೆಗೆ ಬೀಸುತ್ತದೋ ಆ ಕೊನೆಯ ಗೋಡೆಯಲ್ಲಿ ಸ್ಕಿಮ್ಮರ್ ಇರಬೇಕು. ಆಗ ಎಲೆ, ಧೂಳು ತಾವಾಗಿಯೇ ತೇಲಿಕೊಂಡು ಅದರ ಬಾಯಿಗೆ ಬರುತ್ತವೆ. ಉಲ್ಟಾ ಇಟ್ಟರೆ ಮೋಟರ್ ಒಂದು ಕಡೆ ಎಳೆಯುತ್ತದೆ, ಗಾಳಿ ಇನ್ನೊಂದು ಕಡೆ ತಳ್ಳುತ್ತದೆ. ಕಸ ನಡುವೆ ಉಳಿಯುತ್ತದೆ.

ಫಿಲ್ಟರ್ ಆದ ನೀರು ವಾಪಸ್ ಬರುವ ಇನ್‌ಲೆಟ್‌ಗಳು ಎದುರು ಬದಿಯಲ್ಲಿ, ನೀರಿನ ಮಟ್ಟದಿಂದ ಸುಮಾರು ಒಂದು ಅಡಿ ಕೆಳಗೆ ಇರಲಿ. ಬಾಯಿ ತಿರುಗಿಸಬಹುದಾದಂಥವು ಬೇಕು. ಮೆಟ್ಟಿಲ ಕಡೆಗೆ ಒಂದು ಕಡ್ಡಾಯ. ಪಾಚಿ ಮೊದಲು ಬರುವುದು ಮೆಟ್ಟಿಲ ಮೂಲೆಯಲ್ಲೇ, ನೋಡಿದ್ದೀರಿ ಅಲ್ವಾ?

ತಳದ ಡ್ರೈನ್ ಎರಡು ಇರಲೇಬೇಕು. ಎರಡರ ನಡುವೆ ಕನಿಷ್ಠ 3 ಅಡಿ ದೂರ, ಎರಡೂ ಒಂದೇ ಪೈಪಿಗೆ ಸೇರಿರಬೇಕು, ಮೇಲೆ ಉಬ್ಬಿದ ಸುರಕ್ಷತಾ ಜಾಲರಿ. ಒಂದೇ ಡ್ರೈನ್ ಇದ್ದು ಅದರ ಮೇಲೆ ಮಗು ಕೂತರೆ ಮೋಟರಿನ ಎಳೆತ ಪೂರ್ತಿ ಆ ಮಗುವಿನ ಮೇಲೆ ಬೀಳುತ್ತದೆ. ದೊಡ್ಡವರು ಹಿಡಿದೆಳೆದರೂ ಬಿಡಿಸುವುದು ಕಷ್ಟ. ಉದ್ದ ಕೂದಲೂ ಹೀಗೇ ಸಿಕ್ಕಿಕೊಳ್ಳುತ್ತದೆ. ಎರಡಿದ್ದರೆ ಒಂದು ಮುಚ್ಚಿದರೂ ಇನ್ನೊಂದರಿಂದ ನೀರು ಬರುತ್ತದೆ, ಎಳೆತ ಸಡಿಲವಾಗುತ್ತದೆ. ಇಂಥ ಸಾವುಗಳಾದ ಮೇಲೆ ಅಮೆರಿಕದಲ್ಲಿ 2007ರಲ್ಲಿ ಡ್ರೈನ್ ಜಾಲರಿಗೆಂದೇ ಒಂದು ಕಾನೂನು ಬಂತು. ಯಾರಾದರೂ ‘ಒಂದೇ ಸಾಕು, ಪೈಪು ಉಳಿಯುತ್ತೆ’ ಅಂದರೆ ಆ ಮನುಷ್ಯನಿಗೆ ಕೆಲಸ ಕೊಡಬೇಡಿ.

ಮೋಟರ್ ಲೆಕ್ಕ ಸುಲಭ. ಉದ್ದ, ಅಗಲ, ಸರಾಸರಿ ಆಳವನ್ನು ಅಡಿಯಲ್ಲಿ ಗುಣಿಸಿ, ಬಂದಿದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 24 ಅಡಿ ಉದ್ದ, 12 ಅಡಿ ಅಗಲ, 4 ಅಡಿ ಆಳದ ಕೊಳಕ್ಕೆ ಸುಮಾರು 32,600 ಲೀಟರ್. ಇಷ್ಟು ನೀರು 6 ಗಂಟೆಗೆ ಒಮ್ಮೆ ಫಿಲ್ಟರ್ ದಾಟಬೇಕು ಅಂದರೆ ಗಂಟೆಗೆ ಸುಮಾರು 5,400 ಲೀಟರ್. ಅಂಗಡಿಯಲ್ಲಿ ಇದರ ಎರಡರಷ್ಟು ದೊಡ್ಡ ಮೋಟರ್ ತೋರಿಸುತ್ತಾರೆ. ಬೇಡ. ನೀರು ಜೋರಾಗಿ ನುಗ್ಗಿದರೆ ಫಿಲ್ಟರಿನ ಮರಳು ಸೀಳಿಕೊಂಡು ಕೊಳೆ ಹಾಗೇ ವಾಪಸ್ ಬರುತ್ತದೆ. ಫಿಲ್ಟರ್ ದೊಡ್ಡದು, ಮೋಟರ್ ಚಿಕ್ಕದು ತೆಗೆದುಕೊಳ್ಳಿ. ಕೈಯಲ್ಲಿ ದುಡ್ಡಿದ್ದರೆ ವೇಗ ಬದಲಿಸಬಹುದಾದ ಮೋಟರ್ ಒಳ್ಳೆಯದು. ವೇಗ ಅರ್ಧ ಮಾಡಿದರೆ ಅದು ಎಳೆಯುವ ಕರೆಂಟು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡರಷ್ಟು ಹೊತ್ತು ಓಡಿಸಿದರೂ ಬಿಲ್ ಕಾಲು ಭಾಗವೇ.

ಗೋಡೆಗೆ ನೇತು ಹಾಕುವ ಪೈಪಿಲ್ಲದ ಫಿಲ್ಟರ್ ಬಗ್ಗೆ ತುಂಬ ಜನ ಕೇಳುತ್ತಾರೆ. ಪುಟ್ಟ ಕೊಳಕ್ಕೆ ಅಡ್ಡಿಯಿಲ್ಲ. ಸ್ವಲ್ಪ ಉದ್ದದ ಕೊಳವಾದರೆ ಆಚೆ ತುದಿಯ ನೀರು ಅಲ್ಲಾಡುವುದೇ ಇಲ್ಲ.

ಪೈಪಿಗೆ ಬರೋಣ. ಮೋಟರ್‌ಗೆ ಎಳೆಯುವ ಕಡೆ 63 ಎಂಎಂ ಪೈಪು ಹಾಕಿಸಿ. ಸ್ಕಿಮ್ಮರ್‌ಗೆ ಒಂದು, ತಳದ ಡ್ರೈನ್‌ಗೆ ಒಂದು, ಹೀಗೆ ಬೇರೆ ಬೇರೆ ಪೈಪು ಮೋಟರ್ ಮನೆವರೆಗೆ ಬಂದು, ಅಲ್ಲಿ ಒಂದೊಂದಕ್ಕೂ ಒಂದು ವಾಲ್ವ್ ಇರಲಿ. ನೆಲದೊಳಗೇ ಎಲ್ಲವನ್ನೂ ಸೇರಿಸಿಬಿಟ್ಟರೆ ಮುಂದೆ ಯಾವುದು ಕೆಟ್ಟಿದೆ ಎಂದು ಹುಡುಕಲು ದಾರಿಯೇ ಇರುವುದಿಲ್ಲ. ಎಲ್ಬೋ (ಪೈಪು ತಿರುಗುವಲ್ಲಿ ಹಾಕುವ ಬಾಗಿದ ತುಂಡು) ಆದಷ್ಟು ಕಡಿಮೆ. ಮೋಟರ್‌ಗೆ ಸೇರುವ ಮುಂಚಿನ ಒಂದು ಅಡಿ ಪೈಪು ನೇರವಾಗಿರಬೇಕು.

ಈಗ ಮುಖ್ಯ ಕೆಲಸ. ಕಾಂಕ್ರೀಟ್ ಹಾಕುವ ಮೊದಲು ಎಲ್ಲ ಪೈಪಿನ ಬಾಯಿ ಮುಚ್ಚಿ, ನೀರು ತುಂಬಿ, ಗೇಜ್ ಹಾಕಿ, 2 ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡ ಕೊಟ್ಟು ಒಂದು ಪೂರ್ತಿ ದಿನ ಬಿಡಿ. ಮುಳ್ಳು ಇಳಿಯಬಾರದು. ಗಾಳಿ ತುಂಬಿ ಪರೀಕ್ಷೆ ಮಾಡಲು ಬಿಡಬೇಡಿ, ಪಿವಿಸಿ ಪೈಪು ಸಿಡಿದರೆ ಚೂರು ಗುಂಡಿನಂತೆ ಹಾರುತ್ತದೆ. ಕಾಂಕ್ರೀಟ್ ಸುರಿಯುವಾಗಲೂ ಗೇಜ್ ಅಲ್ಲೇ ಇರಲಿ. ಸೆಂಟ್ರಿಂಗ್‌ನವರ ಮೊಳೆ ತಗುಲಿದರೆ, ವೈಬ್ರೇಟರ್ ಬಡಿದು ಜಾಯಿಂಟ್ ಬಿಟ್ಟರೆ ಮುಳ್ಳು ಆ ಕ್ಷಣವೇ ಬೀಳುತ್ತದೆ, ಹಸಿ ಕಾಂಕ್ರೀಟ್ ತೆಗೆದು ಸರಿ ಮಾಡಬಹುದು. ನಾನು ಕಂಡ ಒಂದು ಮನೆಯಲ್ಲಿ ಇದನ್ನು ಬಿಟ್ಟುಬಿಟ್ಟಿದ್ದರು. ಸೋರಿಕೆ ಗೊತ್ತಾಗಿದ್ದು ಸುತ್ತ ಗ್ರಾನೈಟ್ ಹಾಸಿದ ಮೇಲೆ. ಮೂರು ಕಡೆ ಒಡೆದರು. ಮೂರನೇ ಕಡೆ ಸಿಕ್ಕಿದ್ದು ಗಮ್ ಹಚ್ಚದೆ ಸುಮ್ನೆ ಸಿಕ್ಕಿಸಿದ ಒಂದು ಎಲ್ಬೋ. ಆ ಮನೆಯ ಹಿರಿಯರು ಒಡೆದ ಕಲ್ಲಿನ ಮೇಲೆ ಕೂತಿದ್ದು ಇನ್ನೂ ಕಣ್ಣ ಮುಂದಿದೆ. ಪೈಪುಗಳ ಪಕ್ಕ ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ.

ಸ್ಕಿಮ್ಮರ್, ಇನ್‌ಲೆಟ್, ದೀಪದ ಡಬ್ಬಿ ಎಲ್ಲ ಕಾಂಕ್ರೀಟ್‌ನೊಳಗೇ ಸೇರಿಸಿ ಸುರಿಯಬೇಕು. ಆಮೇಲೆ ಡ್ರಿಲ್ ಹೊಡೆದು ತೂತು ಮಾಡಿ ಕೂರಿಸಿದ್ದೆಲ್ಲ ಒಂದಲ್ಲ ಒಂದು ದಿನ ಸೋರುತ್ತದೆ. ತಳ, ಗೋಡೆ ಬೇರೆ ಬೇರೆ ದಿನ ಹಾಕುವುದಾದರೆ ಜಾಯಿಂಟಿನಲ್ಲಿ ನೀರು ನುಸುಳದಂತೆ ತಡೆಯುವ ವಾಟರ್‌ಸ್ಟಾಪ್ ಪಟ್ಟಿ ಇಡಿಸಿ. ಕಂಬಿಯ ಮೇಲೆ 2 ಇಂಚು ಕಾಂಕ್ರೀಟ್ ಇರುವಂತೆ ಕವರ್ ಬ್ಲಾಕ್ ಹಾಕಿಸಿ. ಕ್ಯೂರಿಂಗ್ 14 ದಿನ.

5. ಬಕೆಟ್ ಪರೀಕ್ಷೆ

ಟೈಲ್ಸ್ ಅಂಟಿಸುವ ಮೊದಲೇ ಕೊಳ ತುಂಬಿಸಿ. ಮೊದಲ ಎರಡು ಮೂರು ದಿನ ಕಾಂಕ್ರೀಟ್ ಸ್ವಲ್ಪ ನೀರು ಕುಡಿಯುತ್ತದೆ, ಗಾಬರಿ ಬೇಡ. ಆಮೇಲೆ ಒಂದು ಬಕೆಟ್‌ನಲ್ಲಿ ನೀರು ತುಂಬಿ ಕೊಳದ ಮೆಟ್ಟಿಲ ಮೇಲಿಡಿ. ಬಕೆಟ್ ಒಳಗಿನ ಮಟ್ಟಕ್ಕೊಂದು, ಕೊಳದ ಮಟ್ಟಕ್ಕೊಂದು ಗುರುತು ಹಾಕಿ. ಮೋಟರ್ ಆಫ್. 24 ಗಂಟೆ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಅದು ಬಿಸಿಲಿಗೆ ಆವಿಯಾದ ನೀರು. ಕೊಳದ್ದು ಜಾಸ್ತಿ ಇಳಿದಿದ್ದರೆ ಸೋರಿಕೆ. ಒಂದು ವಾರ ಹೀಗೆ ನೋಡಿ. ‘ಟೈಲ್ಸ್ ಹಾಕಿದ್ರೆ ನಿಂತ್ಹೋಗುತ್ತೆ ಸಾರ್’ ಎಂದು ಮೇಸ್ತ್ರಿ ಹೇಳಬಹುದು. ನಿಲ್ಲುವುದಿಲ್ಲ. ಟೈಲ್ಸ್ ನೀರು ತಡೆಯುವ ಪದರವೇ ಅಲ್ಲ.

6. ಟೈಲ್ಸ್

ಈಗ ಬೇಕಾದ ಬಣ್ಣ ಆರಿಸಿ. ನನ್ನನ್ನು ಕೇಳಿದರೆ ತಿಳಿ ಬಣ್ಣವೇ. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಬಿಳಿ ತಳದ ಮೇಲೂ ತಾನಾಗಿಯೇ ನಸುನೀಲಿ ಕಾಣುತ್ತದೆ. ಕಡುಬಣ್ಣದ ತಳದಲ್ಲಿ ಕೊಳೆ ಕಾಣುವುದಿಲ್ಲ. ಮುಳುಗಿದ ಮಗುವೂ ಬೇಗ ಕಾಣುವುದಿಲ್ಲ. ಅಂಟಿಸಲು ಕೊಳಕ್ಕೆಂದೇ ಬರುವ ಟೈಲ್ ಅಂಟು, ಸಂದಿಗೆ ಎಪಾಕ್ಸಿ ಗ್ರೌಟ್. ಬಿಳಿ ಸಿಮೆಂಟ್ ಬೇಡವೇ ಬೇಡ.

7. ದಡ, ದೀಪ, ಬೇಲಿ

ದಡದ ಕಲ್ಲಿಗೆ ಮಾದರಿ ತುಂಡು ತಂದು ಮಧ್ಯಾಹ್ನ 2ರ ಬಿಸಿಲಲ್ಲಿ ಇಡಿ. ಅದರ ಮೇಲೆ ಬರಿಗಾಲಲ್ಲಿ ನಿಲ್ಲಿ. ಆಮೇಲೆ ನೀರು ಸುರಿದು ಮತ್ತೆ ನಿಲ್ಲಿ. ಕಪ್ಪು ಕಲ್ಲು ಸುಡುತ್ತದೆ, ಪಾಲಿಶ್ ಕಲ್ಲು ಜಾರುತ್ತದೆ. ಬೆಂಕಿ ತೋರಿಸಿ ಒರಟು ಮಾಡಿದ ತಿಳಿ ಬಣ್ಣದ ಗ್ರಾನೈಟ್ ಒಳ್ಳೆಯದು. ಹಾಸುವಾಗ ವಾಟ ಕೊಳದಿಂದ ಆಚೆಗೆ, ಅಡಿಗೆ ಕಾಲು ಇಂಚು. ವಾಟ ಒಳಗಿದ್ದರೆ ಮಳೆ ಬಂದಾಗ ಹಿತ್ತಿಲ ಮಣ್ಣೆಲ್ಲ ಕೊಳಕ್ಕೆ.

ದೀಪಗಳು ಕೂರುವ ಜಾಗದ ಕಡೆಯ ಗೋಡೆಯಲ್ಲಿರಲಿ, ಬೆಳಕು ನಿಮ್ಮಿಂದ ಆಚೆಗೆ ಹೋಗಲಿ. ಎದುರು ಗೋಡೆಗೆ ಹಾಕಿಸಿದರೆ ರಾತ್ರಿಯೆಲ್ಲ ಕಣ್ಣು ಕುಕ್ಕುತ್ತದೆ. 12 ವೋಲ್ಟಿನವೇ ಬೇಕು. ಇಡೀ ಕೊಳದ ವೈರಿಂಗ್‌ಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ.

ಬೇಲಿ 4 ಅಡಿಗಿಂತ ಕಡಿಮೆ ಇರಬಾರದು. ಸಂದು 4 ಇಂಚು ಮೀರಬಾರದು. ಗೇಟು ಹೊರಕ್ಕೆ ತೆರೆಯಬೇಕು, ಬಿಟ್ಟ ಕೂಡಲೇ ತಾನೇ ಮುಚ್ಚಿ ಚಿಲಕ ಬೀಳಬೇಕು. ಅದರ ಪಕ್ಕ ಕುರ್ಚಿ, ಕುಂಡ ಇಡಬೇಡಿ, ಮಕ್ಕಳು ಹತ್ತಿಬಿಡುತ್ತಾರೆ. ಬೇಲಿ ಇದ್ದರೂ ನೀರಲ್ಲಿ ಮಕ್ಕಳಿರುವಾಗ ದೊಡ್ಡವರೊಬ್ಬರು ಫೋನ್ ಪಕ್ಕಕ್ಕಿಟ್ಟು ನೋಡುತ್ತಲೇ ಇರಬೇಕು.

8. ನೀರು ತುಂಬಿಸಿದ ಮೇಲೆ

ಟೆಸ್ಟ್ ಕಿಟ್ ಕೊಂಡುಕೊಳ್ಳಿ. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) 7.2ರಿಂದ 7.6, ಕ್ಲೋರಿನ್ 1ರಿಂದ 3 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ. ಮೊದಲು ಪಿಎಚ್ ಸರಿ ಮಾಡಿ, ಆಮೇಲೆ ಕ್ಲೋರಿನ್. ಪಿಎಚ್ 7.2 ಇದ್ದಾಗ ಕ್ಲೋರಿನ್‌ನ ಮೂರನೇ ಎರಡು ಭಾಗ ಕೆಲಸ ಮಾಡುತ್ತದೆ, 8 ಆದರೆ ಕಾಲು ಭಾಗ ಮಾತ್ರ. ಆ್ಯಸಿಡ್, ಕ್ಲೋರಿನ್ ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ. ಎರಡೂ ಬೆರೆತರೆ ವಿಷಗಾಳಿ ಬರುತ್ತದೆ. ಕ್ಲೋರಿನ್ ಮಾತ್ರೆಯನ್ನು ಸ್ಕಿಮ್ಮರ್ ಒಳಗೆ ಹಾಕಿ ಮರೆಯುವ ಅಭ್ಯಾಸವೂ ಬೇಡ, ಆ ಹುಳಿ ನೀರು ಮೋಟರಿನ ಲೋಹ ತಿನ್ನುತ್ತದೆ. ‘ಉಪ್ಪುನೀರಿನ ಕೊಳಕ್ಕೆ ಕ್ಲೋರಿನ್ ಬೇಡ’ ಅನ್ನುವುದೂ ಸುಳ್ಳು. ಆ ಯಂತ್ರ ಉಪ್ಪಿನಿಂದ ಕ್ಲೋರಿನ್ನೇ ಮಾಡುವುದು.

ಮೊದಲ ವಾರ ಒಂದು ಹಿಡಿ ಒಣ ಎಲೆ ಚೂರು ಮಾಡಿ ನೀರಿನ ಮೇಲೆ ಚೆಲ್ಲಿ, ಮೋಟರ್ ಹಾಕಿ, ದಡದಲ್ಲಿ ಕೂತು ನೋಡಿ. ಒಂದಿಷ್ಟು ಸೀದಾ ಸ್ಕಿಮ್ಮರ್ ಕಡೆ ಹೋಗುತ್ತವೆ. ಒಂದಿಷ್ಟು ಯಾವುದೋ ಮೂಲೆಯಲ್ಲಿ ಸುತ್ತುತ್ತಾ ನಿಲ್ಲುತ್ತವೆ. ಹತ್ತಿರದ ಇನ್‌ಲೆಟ್ ಬಾಯಿಯನ್ನು ಆ ಮೂಲೆಗೆ ಸ್ವಲ್ಪ ತಿರುಗಿಸಿ, ಮತ್ತೆ ಚೆಲ್ಲಿ ನೋಡಿ. ಎಲ್ಲೂ ಎಲೆ ನಿಲ್ಲದಂತಾಗುವವರೆಗೆ ಹೀಗೇ ಮಾಡಿ.