ಕಡಲೂರಿನ ಗ್ಯಾಲರಿಯಲ್ಲಿ ಒಂದು ವರ್ಷ

ಕಾರವಾರದ ನಮ್ಮ ಚಿತ್ರಕಲಾ ವಿಭಾಗದ ಗ್ಯಾಲರಿಯ ಹೊಣೆ ನನಗೆ ಬಂದದ್ದು ಜೂನ್ ತಿಂಗಳ ಮೊದಲ ವಾರದಲ್ಲಿ, ಮುಂಗಾರು ಕಾಲಿಡುವ ಹೊತ್ತಿಗೆ. ಗ್ಯಾಲರಿ ಎಂದರೆ ಹಿಂದೆ ತರಗತಿ ನಡೆಯುತ್ತಿದ್ದ ಉದ್ದನೆಯ ಒಂದು ಕೋಣೆ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಪಡುವಣಕ್ಕೆ ನಾಲ್ಕು ಕಿಟಕಿ. ವರ್ಷದ ಮೊದಲ ಪ್ರದರ್ಶನವಾಗಿ, ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಹೊರಗೆ ಕುಳಿತು ಬರೆದ ಜಲವರ್ಣ ಚಿತ್ರಗಳನ್ನು ತೂಗುಹಾಕುವುದು ವಿಭಾಗದಲ್ಲಿ ನಡೆದುಬಂದ ರೂಢಿಯಾಗಿತ್ತು. ಆ ರೂಢಿ ಸರಿಯೇ ಎಂದು ನಾನು ಕೇಳಿಕೊಳ್ಳಲಿಲ್ಲ. ಠಾಗೋರ್ ಕಡಲತೀರ, ಕಾಳಿ ನದಿ ಸಮುದ್ರ ಸೇರುವ ಜಾಗ, ದೇವಬಾಗದ ಗಾಳಿಮರಗಳು ಹೀಗೆ ಮೂವತ್ತಕ್ಕೂ ಹೆಚ್ಚು ಚಿತ್ರಗಳಿಗೆ ಚೌಕಟ್ಟು ಹಾಕಿಸಿ, ಗೋಡೆಗೆ ಮೊಳೆ ಹೊಡೆಸಿ, ಸಂತೋಷದಿಂದಲೇ ಬಾಗಿಲು ತೆರೆದೆವು.

ಹನ್ನೆರಡನೆಯ ದಿನ ಬೆಳಿಗ್ಗೆ, ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಬಂದು ತನ್ನ ಚಿತ್ರದ ಎದುರು ನನ್ನನ್ನು ನಿಲ್ಲಿಸಿದಳು. ಆಕಾಶದ ತಿಳಿ ನೀಲಿಯ ಮೇಲೆ ಸಾಸಿವೆಗಿಂತ ಸಣ್ಣದಾದ ಬೂದು-ಹಸಿರು ಚುಕ್ಕೆಗಳು ಗುಂಪುಗುಂಪಾಗಿ ಎದ್ದಿದ್ದವು. ಕೆಳಗಿನ ಮೂಲೆಯಲ್ಲಿ ಕಾಗದ ಗಾಜಿಗೆ ಅಂಟಿಕೊಂಡು, ಅಲ್ಲಿನ ಬಣ್ಣ ಒದ್ದೆಯಾಗಿ ಹೊಳೆಯುತ್ತಿತ್ತು. "ಅಕ್ಕೋರೆ, ಒರೆಸಿದ್ರೆ ಹೋಗ್ತದಾ?" ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಆ ದಿನವೇ ಎಲ್ಲ ಚಿತ್ರಗಳನ್ನೂ ಇಳಿಸಿದೆವು. ಒಂಬತ್ತು ಚಿತ್ರಗಳಿಗೆ ಬೂಷ್ಟು ಹಿಡಿದಿತ್ತು.

ಇದರ ಕಾರಣಗಳನ್ನು ಹುಡುಕುತ್ತ ಹೋದಂತೆ, ತಪ್ಪು ಒಂದೇ ಕಡೆ ಇರಲಿಲ್ಲವೆಂಬುದು ತಿಳಿಯಿತು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65–70ನ್ನು ದಾಟಿ ಹಲವು ದಿನ ಹಾಗೆಯೇ ನಿಂತರೆ ಬೂಷ್ಟಿಗೆ ಅಷ್ಟು ಸಾಕು. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಅದು ಶೇ. 90ರ ಆಸುಪಾಸಿನಲ್ಲೇ ಇರುತ್ತದೆ. ಜಲವರ್ಣದ ಒಳ್ಳೆಯ ಕಾಗದಕ್ಕೆ ಲೇಪಿಸುವ ಜೆಲಟಿನ್, ಬಣ್ಣದಲ್ಲಿರುವ ಅಂಟು ಎರಡೂ ಬೂಷ್ಟಿಗೆ ಆಹಾರ. ಚಿರೆಕಲ್ಲು ನೀರನ್ನು ಹೀರಿ ಮೆಲ್ಲಗೆ ಬಿಡುವ ಕಲ್ಲಾದ್ದರಿಂದ, ಗೋಡೆಗೆ ಒತ್ತಿಕೊಂಡಿದ್ದ ಚೌಕಟ್ಟುಗಳ ಬೆನ್ನು ಹಗಲಿರುಳೂ ತಂಪಾಗಿಯೇ ಇತ್ತು. ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಕೊಡುವ ಮೌಂಟ್ ಬೋರ್ಡನ್ನು ಹಣ ಉಳಿಸಲೆಂದು ನಾವೇ ಬಿಟ್ಟಿದ್ದೆವು. ಕಿಟಕಿ ತೆರೆದರೆ ಕೋಣೆ ಆರೀತೆಂದು ನಾನು ನಂಬಿದ್ದೆ. ಹೊರಗಿನ ಗಾಳಿಯೇ ನೀರು ತುಂಬಿಕೊಂಡು ಬರುವಾಗ ಕಿಟಕಿ ತೆರೆದು ಫಲವಿರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ್ದರಂತೂ ಬೂಷ್ಟು ಹರಡಿ ಕಾಗದದ ಎಳೆಗಳೊಳಗೆ ಇಳಿಯುತ್ತಿತ್ತು. ಚಿತ್ರಗಳನ್ನು ಚೌಕಟ್ಟಿನಿಂದ ಬಿಡಿಸಿ, ಒಣ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಹರಡಿ, ಚುಕ್ಕೆಗಳು ಪೂರ್ತಿ ಒಣಗಿ ಪುಡಿಯಾದ ಮೇಲೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಹೊರಗಿನ ಜಗಲಿಯಲ್ಲಿ ಮೃದುವಾದ ಕುಂಚದಿಂದ ಗುಡಿಸಿದೆವು. ಏಳು ಚಿತ್ರಗಳು ಉಳಿದವು. ಎರಡರಲ್ಲಿ ಕಲೆ ಇಂದಿಗೂ ಇದೆ.

ಪ್ರದರ್ಶನಗಳ ಪಟ್ಟಿಯನ್ನು ನಾನು ಹರಿದುಹಾಕಿದ್ದು ಆಗಲೇ. ಯಾವ ತಿಂಗಳಲ್ಲಿ ಯಾವ ಪ್ರದರ್ಶನ ಎಂದು ಮೊದಲು ಬರೆದು, ಬಳಿಕ ಕೃತಿಗಳನ್ನು ಅದಕ್ಕೆ ಹೊಂದಿಸುವುದನ್ನು ಬಿಟ್ಟು, ಯಾವ ವಸ್ತು ಯಾವ ಕಾಲದ ಗಾಳಿಯನ್ನು ತಾಳುತ್ತದೆ ಎಂಬಲ್ಲಿಂದ ಯೋಚಿಸತೊಡಗಿದೆ. ಮಳೆಗಾಲದಲ್ಲಿ ಕೆಡದೆ ಇರುವುದು, ಸಾಧ್ಯವಾದರೆ ಮಳೆಗಾಲವನ್ನೇ ಬೇಡುವುದು ನಮ್ಮ ಜಿಲ್ಲೆಯಲ್ಲಿ ಏನಿದೆ ಎಂದು ಕೇಳಿಕೊಂಡಾಗ ನೆನಪಾದದ್ದು ಕಾವಿ ಕಲೆ.

ಶಿರಸಿಯ ಮಾರಿಕಾಂಬಾ ದೇವಾಲಯದ ಕಾವಿ ಚಿತ್ರಗಳು ಹೆಸರಾದವು. ಹೊನ್ನಾವರದವರಾದ ಕೃಷ್ಣಾನಂದ ಕಾಮತರು ಈ ಕಲೆಯ ಚಿತ್ರಗಳನ್ನು ಊರೂರು ತಿರುಗಿ ದಾಖಲಿಸಿದ್ದರಿಂದ ನಮ್ಮ ತಲೆಮಾರಿನವರಿಗೆ ಅದರ ಪರಿಚಯವಾದರೂ ಉಳಿದಿದೆ. ಗೋಡೆಗೆ ಬಿಳಿ ಸುಣ್ಣದ ಗಾರೆ ಬಳಿದು, ಅದರ ಮೇಲೆ ಕೆಮ್ಮಣ್ಣು ಬೆರೆಸಿದ ಗಾರೆಯ ತೆಳು ಪದರವನ್ನು ಹಚ್ಚಿ ನುಣುಪು ಮಾಡಿ, ಅದು ಹಸಿಯಾಗಿರುವಾಗಲೇ ಮೊನೆಯ ಉಪಕರಣದಿಂದ ಕೆಂಪನ್ನು ಕೆರೆದು ಬಿಳಿಯನ್ನು ತೋರಿಸುವುದು ಈ ಕಲೆಯ ಕ್ರಮ. ಚಿಪ್ಪಿನ ಸುಣ್ಣ, ನದಿಯ ಮರಳು, ಬೆಲ್ಲದ ನೀರು ಇವನ್ನು ಎರಡು ವಾರ ಕೊಳೆಹಾಕಿ, ಕುಟ್ಟಿ ಹದಮಾಡಿಕೊಂಡೆವು. ಹಿಂದಿನ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ತರಗತಿಯಲ್ಲಿ ಇದನ್ನೇ ಪ್ರಯತ್ನಿಸಿದಾಗ ಮೇಲಿನ ಪದರ ಒಂದು ಗಂಟೆಯೊಳಗೆ ಒಣಗಿ, ಗೀರಿದಲ್ಲೆಲ್ಲ ಅಂಚು ಪುಡಿಪುಡಿಯಾಗಿ ಉದುರಿತ್ತು. ಆಗಸ್ಟ್‌ನಲ್ಲಿ ಹಾಗಾಗಲಿಲ್ಲ. ಉಗುರು ಒತ್ತಿದರೆ ಗುರುತು ಮೂಡಬೇಕು, ಬೆರಳಿಗೆ ಮಾತ್ರ ಬಣ್ಣ ಅಂಟಬಾರದು; ಆ ಹದ ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೂ ನಿಂತಿತು. ಬಳ್ಳಿಯ ಒಂದು ಸುರುಳಿಯನ್ನು ಕೈ ಎತ್ತದೆ ಕೆರೆದಾಗ, ಕೆಂಪು ಗಾರೆ ಬೆಣ್ಣೆಯ ಹಾಗೆ ಎದ್ದು, ಗೆರೆಯ ಅಂಚು ಚೂಪಾಗಿ ನಿಲ್ಲುತ್ತಿತ್ತು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ, ಮತ್ತು ಅದಕ್ಕೆ ತೇವ ಬೇಕು. ಕಾಗದವನ್ನು ಕೆಡಿಸಿದ ಅದೇ ಗಾಳಿ ಇಲ್ಲಿ ಕೆಲಸಕ್ಕೆ ಬಂತು. ಚಿರೆಕಲ್ಲಿನ ಹನ್ನೊಂದು ಹಲಗೆಗಳ ಮೇಲೆ ವಿದ್ಯಾರ್ಥಿಗಳು ಗ್ಯಾಲರಿಯಲ್ಲೇ ಕುಳಿತು, ನೋಡಲು ಬಂದವರ ಎದುರೇ ಈ ಕೆಲಸ ಮಾಡಿದರು. ನಮ್ಮ ವರ್ಷದ ನಿಜವಾದ ಮೊದಲ ಪ್ರದರ್ಶನ ಇದು ಎಂದೇ ನಾನು ಎಣಿಸುತ್ತೇನೆ.

ಡಿಸೆಂಬರ್‌ನಲ್ಲಿ ಗಾಳಿ ಒಣಗಿದ ಮೇಲೆ ಯಲ್ಲಾಪುರ, ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿದ ಕೌದಿಗಳನ್ನು ತರಿಸಿದೆವು. ಹಳೆಯ ಸೀರೆಯ ಮೇಲೆ ಬಟ್ಟೆಯ ತುಂಡುಗಳನ್ನು ಒಂದು ಮೂಲೆಯಿಂದ ಆರಂಭಿಸಿ ಅಂಚುಗುಂಟ ಸುತ್ತುತ್ತ, ನಡುವಿನವರೆಗೆ ಸಾಲುಹೊಲಿಗೆಯಲ್ಲಿ ಕೂಡಿಸುತ್ತ ಹೋಗುವುದು ಅವರ ಪದ್ಧತಿ. ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಪುಟ್ಟ 'ಫೂಲ್', ಅಂದರೆ ಹೂವು, ಇಡದೆ ಕೌದಿ ಮುಗಿಯುವುದಿಲ್ಲ. ಮೊಳೆಗೆ ಸಿಕ್ಕಿಸಿದರೆ ಅದರ ಭಾರಕ್ಕೆ ಬಟ್ಟೆ ಹರಿಯುತ್ತದೆ. ಆದ್ದರಿಂದ ಹಿಂಬದಿಯ ಮೇಲಂಚಿಗೆ ಉದ್ದಕ್ಕೂ ತೊಳೆದ ಹತ್ತಿಬಟ್ಟೆಯ ಪಟ್ಟಿಯನ್ನು ಹೊಲಿದು, ಅದರೊಳಗೆ ಮರದ ರೀಪು ತೂರಿಸಿ, ಭಾರ ಎಲ್ಲ ಕಡೆ ಸಮನಾಗಿ ಬೀಳುವಂತೆ ತೂಗುಹಾಕಿದೆವು. ಕೌದಿಯೊಂದಿಗೆ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಬಹಳ ಹೊತ್ತು ನೋಡಿ, "ಅಕ್ಕೋರೆ, ಇದನ್ನ ಹೀಂಗೆ ನಿಲ್ಲಿಸಿ ಇಟ್ರೆ ಹೆಂಗೆ? ಕೌದಿ ಅಂದ್ರೆ ಹಾಸೂದು, ಹೊದಿಯೂದು" ಎಂದರು. ಅವರ ಮಾತು ಸರಿಯಿತ್ತು. ನಾಲ್ಕು ಕೌದಿಗಳನ್ನು ಇಳಿಸಿ ತಗ್ಗಾದ ಮಂಚಗಳ ಮೇಲೆ ಹಾಸಿದೆವು. ಹೊಲಿಗೆಯ ಸಾಲುಗಳು ಗದ್ದೆಯ ಬದುಗಳಂತೆ ಸುತ್ತಿ ಸುತ್ತಿ ಒಳಸರಿಯುವುದು ಬಾಗಿ ನೋಡಿದವರಿಗೆ ಮಾತ್ರ ಕಂಡಿತು. ಪ್ರತಿ ಕೌದಿಯ ಪಕ್ಕದ ಚೀಟಿಯಲ್ಲಿ, ಅವರವರ ಒಪ್ಪಿಗೆ ಪಡೆದು, ಹೊಲಿದವರ ಹೆಸರು, ಊರು, ಬಳಸಿದ ಬಟ್ಟೆ ಇಷ್ಟನ್ನು ಬರೆದೆವು. ಒಂದರಲ್ಲಿ 'ಎರಡು ಸೀರೆ, ಒಂದು ಲುಂಗಿ, ಮಗನ ಶಾಲೆಯ ಸಮವಸ್ತ್ರ' ಎಂದಿತ್ತು. ಕರಕುಶಲ ವಸ್ತುಗಳಿಗೆ ಸಮುದಾಯದ ಹೆಸರನ್ನಷ್ಟೇ ಬರೆದು, ಮಾಡಿದವರ ಹೆಸರನ್ನು ಬಿಡುವ ಪ್ರದರ್ಶನಗಳನ್ನು ನಾನು ಒಪ್ಪಲಾರೆ. ಚಿತ್ರಕಾರನಿಗೆ ಸಲ್ಲುವ ಗೌರವ ಕೌದಿ ಹೊಲಿದವರಿಗೂ ಸಲ್ಲಬೇಕು. ಬಟ್ಟೆಯ ಬಣ್ಣ ಬೆಳಕಿಗೆ ಮಾಸುವುದರಿಂದ ಪಡುವಣ ಕಿಟಕಿಗಳಿಗೆ ದಪ್ಪ ಪರದೆ ಹಾಕಿ, ದೀಪಗಳ ಬೆಳಕನ್ನು 50 ಲಕ್ಸ್ (ಬೆಳಕಿನ ಅಳತೆ) ಸುಮಾರಿಗೆ ತಗ್ಗಿಸಿದೆವು. ಒಳಗೆ ಬಂದವರಿಗೆ ಮೊದಲು ಕತ್ತಲೆನಿಸುತ್ತಿತ್ತು. ಒಂದೆರಡು ನಿಮಿಷದಲ್ಲಿ ಕಣ್ಣು ಹೊಂದಿಕೊಳ್ಳುತ್ತಿತ್ತು.

ಫೆಬ್ರವರಿಯಲ್ಲಿ ಬಡಗುತಿಟ್ಟಿನ ಯಕ್ಷಗಾನದ ಆಭರಣಗಳನ್ನಿಟ್ಟೆವು. ಹಗುರ ಮರದಲ್ಲಿ ಕೆತ್ತಿ, ಬೇಗಡೆ (ಹೊಳೆಯುವ ತೆಳು ಹಾಳೆ) ಹಚ್ಚಿ, ಕನ್ನಡಿ ಚೂರು ಕೂರಿಸಿದ ಕಿರೀಟ, ಭುಜಕೀರ್ತಿಗಳು ಮೇಲಿನಿಂದ ಬಿದ್ದ ಬಿಳಿ ದೀಪದಲ್ಲಿ ನಿರ್ಜೀವವಾಗಿ ಕಂಡವು. ಒಂದು ಕಾಲಕ್ಕೆ ದೊಂದಿಯ ಬೆಳಕಿನಲ್ಲಿ ಮೆರೆದ ವೇಷವಿದು ಎಂಬುದು ನೆನಪಾಗಿ, ಹಳದಿ ದೀಪಗಳನ್ನು ಕೆಳಗಿನಿಂದ ಓರೆಯಾಗಿ ಬಿಟ್ಟಾಗ, ನೋಡುವವರು ಒಂದು ಹೆಜ್ಜೆ ಸರಿದರೂ ಬೇಗಡೆ ಮಿನುಗತೊಡಗಿತು. ಏಪ್ರಿಲ್‌ನ ಅಂತಿಮ ವರ್ಷದ ಪ್ರದರ್ಶನವನ್ನು ವಿದ್ಯಾರ್ಥಿಗಳೇ ನಡೆಸಿದರು. ಚಿತ್ರದ ನಡುಭಾಗ ನೆಲದಿಂದ 145 ಸೆಂಟಿಮೀಟರ್ ಎತ್ತರಕ್ಕೆ ಬರಬೇಕೆಂಬ ಒಂದು ನಿಯಮವನ್ನಷ್ಟೇ ನಾನು ಹೇಳಿದ್ದೆ.

ಜಲವರ್ಣಗಳಿಗೆ ಜನವರಿಯಲ್ಲೇ ಜಾಗ ಮಾಡಿಕೊಟ್ಟಿದ್ದೆವು. ಉಪ್ಪುಗಾಳಿಗೆ ಮೊಳೆಗಳು ತುಕ್ಕು ಹಿಡಿದು ಗೋಡೆಯಲ್ಲಿ ಕೆಂಪು ಕಲೆ ಇಳಿಸಿದ್ದರಿಂದ ಅವನ್ನೆಲ್ಲ ಕಿತ್ತು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿದ್ದೆವು. ಪ್ರತಿ ಚೌಕಟ್ಟಿನ ಬೆನ್ನಿನ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುವಂತೆ ಮಾಡಿದ್ದೆವು. ಕಲೆ ಉಳಿದ ಎರಡು ಚಿತ್ರಗಳಲ್ಲಿ ಆ ವಿದ್ಯಾರ್ಥಿನಿಯದೂ ಒಂದು. ಅದನ್ನು ಮತ್ತೆ ಹಾಕಬೇಕೇ ಎಂದು ಕೇಳಿದಾಗ ಹಾಕೋಣವೆಂದು ಅವಳೇ ಹೇಳಿದಳು, ಆಮ್ಲರಹಿತ ಮೌಂಟ್ ಬೋರ್ಡನ್ನು ತಾನೇ ಅಳೆದು ಕತ್ತರಿಸಿದಳು. ಮೇ ಕೊನೆಯ ವಾರ ನಾವಿಬ್ಬರೂ ಕೂಡಿ ಎಲ್ಲ ಜಲವರ್ಣಗಳನ್ನು ತೇವ ಹೀರುವ ಸಿಲಿಕಾ ಜೆಲ್ ಚೀಲಗಳೊಂದಿಗೆ ಮುಚ್ಚಳ ಬಿಗಿಯಾದ ಪೆಟ್ಟಿಗೆಗಳಲ್ಲಿಟ್ಟು, ಪೆಟ್ಟಿಗೆಯ ಮೇಲೆ 'ಅಕ್ಟೋಬರ್ ತನಕ ತೆರೆಯಬಾರದು' ಎಂದು ಬರೆದೆವು. ಅಂಗಳದಲ್ಲಿ ಸುಣ್ಣ ಕೊಳೆಹಾಕುವ ತೊಟ್ಟಿಯನ್ನು ತೊಳೆದಿಟ್ಟಿದ್ದೇವೆ.