ಹಳ್ಳದ ಕರೆಂಟು ಮೂರನೇ ಮಳೆಗಾಲಕ್ಕೆ ಕೈಹಿಡಿಯಿತು

ಮನೆ ಹಿಂದಿನ ಹಳ್ಳಕ್ಕೆ ಪುಟ್ಟ ಟರ್ಬೈನ್ ಕೂರಿಸಿ ಕರೆಂಟು ತೆಗೆಯುತ್ತೇನೆ ಅಂದಾಗ, "ಇದೇನು ಲಿಂಗನಮಕ್ಕಿ ಡ್ಯಾಂ ಅಂದ್ಕೊಂಡ್ಯನಾ?" ಅಂತ ದೊಡ್ಡಪ್ಪ ನಕ್ಕಿದ್ದರು. ಈಗ ಅವರ ಮನೆಗೂ ಒಂದು ವೈರ್ ಎಳೆದಿದ್ದೇನೆ.

ನಮ್ಮದು ತುಮರಿ ಕಡೆ, ಶರಾವತಿ ಹಿನ್ನೀರಿನಂಚಿನ ನಾಲ್ಕು ಮನೆ. 1964ರಲ್ಲಿ ಶರಾವತಿಗೆ ಆ ಡ್ಯಾಂ ಆದಾಗ ಗದ್ದೆ ಮುಳುಗಿ ಗುಡ್ಡ ಹತ್ತಿದವರು. ಆ ನೀರಿನ ಕರೆಂಟು ಊರೂರಿಗೆ ಹೋಗುತ್ತದೆ. ಆರಿದ್ರಾ ಮಳೆ ಹಿಡಿದರೆ ನಮಗೆ ಚಿಮಣಿ ಬುಡ್ಡಿಯೇ ಗತಿಯಾಗಿತ್ತು. ಮನೆ ಹಿಂದಿನ ಹಳ್ಳ ತುಂಬಿ ಹರಿಯುವುದೂ ಆಗಲೇ.

ಮೊದಲ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಎರಡೂವರೆ ಇಂಚಿನ ಪೈಪು ಎಳೆದೆ, ನಾನೂರು ಅಡಿ. ವಾಲ್ವ್ ಮುಚ್ಚಿದರೆ ಒತ್ತಡದ ಗೇಜಿನಲ್ಲಿ ಎರಡು ಕೆಜಿ, ನೀರು ಬಿಟ್ಟರೆ ಅರ್ಧ ಕೆಜಿ. ಒತ್ತಡವನ್ನೆಲ್ಲ ಪೈಪೇ ನುಂಗಿತ್ತು. ಎರಡು ಬಲ್ಬು ಹೊತ್ತಿದವು, ಅದೂ ಮಿಣಿಮಿಣಿ. ಆ ಪೈಪು ಈಗ ತೋಟದ ಸ್ಪ್ರಿಂಕ್ಲರಿಗೆ.

ಎರಡನೇ ವರ್ಷ ನಾಲ್ಕಿಂಚು. ನೀರು ಬೀಳುವ ಎತ್ತರ ಎಪ್ಪತ್ತಡಿ ಸಿಗಲೆಂದು ಬೇಸಿಗೆಯಲ್ಲಿ ಟರ್ಬೈನನ್ನು ತೀರಾ ಕೆಳಗೆ ಕೂರಿಸಿದೆ. ಹಿಂದಿನ ವರ್ಷ ಹಿನ್ನೀರು ಅಲ್ಲಿಗೆ ಬಂದಿರಲಿಲ್ಲ ನೋಡಿ! ಆ ಮಳೆಗಾಲ ಡ್ಯಾಂ ತುಂಬುವ ಮಟ್ಟವಾದ 1,819 ಅಡಿಯ ಹತ್ತಿರಕ್ಕೆ ಬಂತು. ಒಂದು ಬೆಳಿಗ್ಗೆ ಹೋದರೆ ಶೆಡ್ಡಿನೊಳಗೆ ಸೊಂಟಮಟ್ಟ ನೀರು. ಮುಳುಗಡೆಯವರ ಮೊಮ್ಮಗ ಎರಡನೇ ಸಲ ಮುಳುಗಿದ ಅಂತ ಊರೆಲ್ಲ ನಗು. ಜನರೇಟರ್ ರೀವೈಂಡಿಂಗಿಗೆ ಎಂಟೊಂಬತ್ತು ಸಾವಿರ ಹೋಯಿತು.

ಹತ್ತಡಿ ಬಿಟ್ಟುಕೊಟ್ಟು ಮೇಲಿನ ಬಂಡೆಗೆ ಸಾಗಿಸಿದೆ. ಅರವತ್ತಡಿ ಎತ್ತರ, ಸೆಕೆಂಡಿಗೆ ಹತ್ತು ಲೀಟರಿನಷ್ಟು ನೀರು: ಎಂಟುನೂರು ವ್ಯಾಟ್ ಚಿಲ್ಲರೆ ಬರುತ್ತಿದೆ. ಆಮೇಲೆ ಕಾಡಿದ್ದು ದರಕು, ಅಂದರೆ ಉದುರಿದ ಒಣ ಎಲೆ. ರಾತ್ರಿ ಎರಡು ಸಲ ಎದ್ದು, ಉಂಬಳ (ಜಿಗಣೆ) ಕಚ್ಚಿಸಿಕೊಂಡು ಪೈಪಿನ ಬಾಯಿಗೆ ಕಟ್ಟಿದ ಜಾಳಿಗೆ ಬಳಿಯಬೇಕಿತ್ತು. ಈಗ ವಾರಕ್ಕೊಮ್ಮೆ ಹೋದರೆ ಸಾಕು. ಜಾಳಿಗೆಯನ್ನು ಎಷ್ಟು ಓರೆ ಮಾಡಿದೆ, ಮುಂದೆ ಏನು ಕಟ್ಟಿದೆ ಅಂತ ಮಾತ್ರ ಕೇಳಬೇಡಿ. ಬಂದವರಿಗೆ ತೋರಿಸುತ್ತೇನೆ, ಕಾಫಿಯನ್ನೂ ಕೊಡುತ್ತೇನೆ.

ಒಟ್ಟು ಖರ್ಚು ಒಂದು ಲಕ್ಷದ ಅರವತ್ತು ಸಾವಿರ ಆಗಿರಬಹುದು. ಅದರಲ್ಲಿ ಅರವತ್ತು ಸಾವಿರ ಬುದ್ಧಿ ಬರಲಿಕ್ಕೇ ಹೋಯಿತು. ಉಳಿದ ಕರೆಂಟನ್ನು ಬೇರೆಡೆ ತಿರುಗಿಸಿ ವೋಲ್ಟೇಜ್ ಏರದಂತೆ ತಡೆಯುವ ಲೋಡ್ ಕಂಟ್ರೋಲರಿನಲ್ಲಿ ಜುಗ್ಗತನ ಮಾಡಬೇಡಿ. ನಾನು ಮಾಡಿ ಏಳು ಬಲ್ಬು, ಒಂದು ಟಿವಿ ಸುಟ್ಟೆ. ಉಳಿದ ಕರೆಂಟನ್ನು ಬಚ್ಚಲ ಹಂಡೆಗೆ ಬಿಟ್ಟಿದ್ದೇನೆ, ಬೆಳಗಾಗುವಷ್ಟರಲ್ಲಿ ಮನೆಮಂದಿಗೆಲ್ಲ ಬಿಸಿನೀರು. ಅದೇ ಹುಮ್ಮಸ್ಸಿನಲ್ಲಿ ಅಡಿಕೆ ಒಣಗಿಸಲು ಹೋಗಿ ಒಂದು ತಟ್ಟಿಗೆ ಬೂಷ್ಟು ಹಿಡಿಸಿದ್ದೂ ಆಯಿತು. ಮಿಕ್ಸಿ ಹಾಕುವಾಗ ಫ್ರಿಜ್ ಆರಿಸಬೇಕು, ಹೆಂಡತಿಯ ತಕರಾರು ಇದೊಂದೇ.

ಜನವರಿಗೆ ಹಳ್ಳ ಸೊರಗುತ್ತದೆ. ಆಗ ಟರ್ಬೈನ್ ಬಿಚ್ಚಿ, ಗ್ರೀಸ್ ಬಳಿದು ಅಟ್ಟಕ್ಕೆ. ಬೇರಿಂಗು ಇನ್ನೊಂದು ಮಳೆಗಾಲ ಬಾಳುತ್ತದೋ ಇಲ್ಲವೋ, ಮುಂದಿನ ವರ್ಷ ಹೇಳುತ್ತೇನೆ.