ಹೊರದೇಶದ ಕಾಲೇಜಿನಲ್ಲಿ ನಾನು ಬಾಯಿ ಬಿಟ್ಟದ್ದು ಹೀಗೆ

ಹೊರದೇಶದ ಕಾಲೇಜಿಗೆ ಸೇರಿದ ಮೇಲೆ ನನಗೆ ಕಷ್ಟವಾದದ್ದು ಪಾಠ ಅಲ್ಲ, ಚರ್ಚೆ. ತರಗತಿಯಲ್ಲಿ ಮಾತಾಡುವುದಕ್ಕೂ ಅಂಕ ಇತ್ತು. ಎಲ್ಲರೂ ಪಟಪಟನೆ ಮಾತಾಡುತ್ತಿದ್ದರು. ನಾನು ವಾಕ್ಯ ಜೋಡಿಸುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತಿತ್ತು.

ದಾರಿ ಸಿಕ್ಕಿದ್ದು ಸಿಲಬಸ್‌ನಲ್ಲಿ. ಯಾವ ವಾರ ಏನು ಓದಬೇಕು, ಯಾವುದಕ್ಕೆ ಎಷ್ಟು ಅಂಕ, ಪ್ರೊಫೆಸರ್ ಯಾವಾಗ ಸಿಗುತ್ತಾರೆ, ಎಲ್ಲಾ ಅದರಲ್ಲೇ ಇತ್ತು. ಅದಕ್ಕೆ ಆಫೀಸ್ ಅವರ್ಸ್ ಅನ್ನುತ್ತಾರೆ, ಅಂದರೆ ಪ್ರೊಫೆಸರ್ ವಿದ್ಯಾರ್ಥಿಗಳಿಗೆಂದೇ ಮೀಸಲಿಟ್ಟ ಸಮಯ. ಹೋಗಿ ನನ್ನ ತೊಂದರೆಯನ್ನು ನೇರವಾಗಿ ಹೇಳಿದೆ. ಚರ್ಚೆಯಲ್ಲಿ ಮೊದಲ ಪ್ರಶ್ನೆಯನ್ನು ನೀವೇ ಕೇಳಿ ನೋಡಿ ಎಂದರು.

ಅದು ನಿಜಕ್ಕೂ ಕೆಲಸ ಮಾಡಿತು. ಓದಿದ್ದರಲ್ಲಿ ಅರ್ಥವಾಗದ ಒಂದು ಜಾಗ ಗುರುತು ಹಾಕಿ, ಪ್ರಶ್ನೆಯನ್ನು ಪೂರ್ತಿಯಾಗಿ ಬರೆದುಕೊಂಡು ಹೋಗುತ್ತಿದ್ದೆ. ಚರ್ಚೆ ಕಾವೇರುವ ಮುಂಚೆಯೇ ಕೇಳಿಬಿಡುತ್ತಿದ್ದೆ. ಆಮೇಲೆ ಬೇರೆಯವರ ಮಾತಿಗೆ ನನ್ನದೊಂದು ಮಾತು ಸೇರಿಸುವುದು ತಾನಾಗಿ ಬಂತು. ಉಚ್ಚಾರಣೆ ಬದಲಾಯಿಸಿಕೊಳ್ಳಲು ಹೋಗಲಿಲ್ಲ. ಅದರ ಅಗತ್ಯವೇ ಇಲ್ಲ, ನಿಧಾನವಾಗಿ ಹೇಳಿದರೆ ಜನ ಕೇಳುತ್ತಾರೆ.

ಪ್ರಬಂಧಕ್ಕೆ ಕಾಲೇಜಿನಲ್ಲೇ ರೈಟಿಂಗ್ ಸೆಂಟರ್, ಅಂದರೆ ಬರವಣಿಗೆಗೆ ನೆರವು ಕೊಡುವ ಜಾಗ ಇತ್ತು. ಅಲ್ಲಿ ತಿದ್ದಿ ಕೊಡಲಿಲ್ಲ, ವಾದ ಎಲ್ಲಿ ಸಡಿಲ ಎಂದು ತೋರಿಸಿದರು. ಅದೇ ಜಾಸ್ತಿ ಉಪಯೋಗ ಅಲ್ವಾ?

ಇನ್ನೊಂದು ವಿಷಯ. ಕೋರ್ಸ್ ಭಾರ ಅನ್ನಿಸಿದರೆ ಸುಮ್ನೆ ಬಿಟ್ಟುಬಿಡಬೇಡಿ. ವಿದ್ಯಾರ್ಥಿ ವೀಸಾಗೆ ಅನೇಕ ಕಡೆ ಪೂರ್ಣಾವಧಿ ಓದು ಕಡ್ಡಾಯ. ಅಮೆರಿಕದಲ್ಲಿ ಎಫ್-1 ವೀಸಾದ ಪದವಿ ವಿದ್ಯಾರ್ಥಿಗೆ ಸೆಮಿಸ್ಟರ್‌ಗೆ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ (ಪ್ರತಿ ಕೋರ್ಸ್‌ಗೆ ಇರುವ ಓದಿನ ಲೆಕ್ಕ) ಬೇಕು. ಮೊದಲು ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಚೇರಿಗೆ ಹೋಗಿ ಕೇಳಿ.